ಕೊಟ್ಟೆ ಎಂದು ಬರೆದ ಅರ್ಜಿ

ಚಿಮ್ಮನಚೋಡ
4 ಮೇ 2024

ಅಪ್ಪನಿಗೆ ಮೈತ್ರಿಯ ಜೈಭೀಮ್.

ಕಾಗದ ನೋಡಿ ನಗಬೇಡಿ. ಕೈಯಲ್ಲಿ ಫೋನ್ ಇಟ್ಟುಕೊಂಡು ಇವಳಿಗೇನು ಪೋಸ್ಟಿನ ಹುಚ್ಚು ಎಂದು ಪಕ್ಕದ ಕ್ವಾರ್ಟರ್ಸಿನ ಬೀರಲಿಂಗ ಕಾಕಾನ ಮುಂದೆ ಹೇಳುತ್ತೀರಿ, ಗೊತ್ತು. ಫೋನಿನಲ್ಲಿ ನಾನು ಏನು ಹೇಳಿದರೂ ನೀವು ‘ಆತು ಬಾಯಿ, ಮಾಡ್ತೀನಿ’ ಎನ್ನುತ್ತೀರಿ. ಫೋನ್ ಇಟ್ಟ ಮೇಲೆ ಆ ಮಾತು ಎಲ್ಲಿ ಹೋಯಿತೆಂದು ನಿಮಗೇ ತಿಳಿದಿರುವುದಿಲ್ಲ. ಅವ್ವ ಇದ್ದಾಗ ಬೆನ್ನು ಹತ್ತಿ ಮಾಡಿಸುತ್ತಿದ್ದಳು. ಈಗ ಅವ್ವ ಇಲ್ಲ, ನಾನೂ ಅಲ್ಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನೀವೂ ಬರೆದೇ ಉತ್ತರ ಕೊಡಬೇಕು.

ಆಯಿಯ ಸೊಂಟದ ಎಲುಬು ಕೂಡುತ್ತಿದೆ. ಇನ್ನೂ ಎರಡು ತಿಂಗಳು ಏಳಿಸಿ ಕೂರಿಸುವವರು ಬೇಕು. ‘ನನ್ನ ಮಗಳು ಸತ್ತು ನಾಕು ವರ್ಷ ಆತು, ಆಕಿ ಮಗಳು ನನ್ನ ಉಚ್ಚಿ ಬಳೀಲಿಕತ್ತಾಳ’ ಎಂದು ಬಂದವರ ಮುಂದೆಲ್ಲ ಹೇಳುತ್ತಾಳೆ. ನನಗೇನೂ ಬೇಜಾರಿಲ್ಲ. ಮುಂದೆ ಕಲಿಯಬೇಕೆಂದಿರುವುದೂ ಇದೇ ಕೆಲಸವಲ್ಲವೇ.

ಈಗ ಮುಖ್ಯ ವಿಷಯ. ಬಿಎಸ್‌ಸಿ ನರ್ಸಿಂಗಿಗೆ ನಮ್ಮ ಭಾಗದ ಮಕ್ಕಳಿಗಾಗಿ ತೆಗೆದಿಟ್ಟ ಸೀಟುಗಳಿವೆ. ಅದಕ್ಕೆ 371(ಜೆ) ಪ್ರಮಾಣಪತ್ರ ಬೇಕೇ ಬೇಕು. ನನಗಿನ್ನೂ ಹದಿನೆಂಟು ತುಂಬಿಲ್ಲವಾದ್ದರಿಂದ ಅರ್ಜಿಗೆ ನಿಮ್ಮ ಸಹಿಯೇ ಆಗಬೇಕು. ಅರ್ಜಿಯನ್ನು ಕಪಾಟಿನ ಮೇಲೆ ನೀಲಿ ಫೈಲಿನಲ್ಲಿ ಇಟ್ಟು ಬಂದಿದ್ದೇನೆ. ನೀವು ಮಾಡಬೇಕಾದದ್ದು ಮೂರೇ ಕೆಲಸ: ಸಹಿ ಹಾಕಬೇಕು, ನೀವು ಈ ಭಾಗದವರೆಂದು ತೋರಿಸಲು ಶಹಾಬಾದಿನ ನಿಮ್ಮ ಹಳೆಯ ಶಾಲೆಯಿಂದ ವ್ಯಾಸಂಗ ಪತ್ರ ತರಬೇಕು, ಎರಡನ್ನೂ ನಾಡಕಚೇರಿಯ ಕೌಂಟರಿನಲ್ಲಿ ನಾಜಿಯಾ ಅಕ್ಕನ ಕೈಗೆ ಕೊಡಬೇಕು. ಕೊಟ್ಟ ಮೇಲೆ ಪತ್ರ ಬರಲು ತಿಂಗಳು ಹಿಡಿಯುತ್ತದೆ. ಈ ತಿಂಗಳೇ ಕೊಟ್ಟುಬಿಡಿ.

ಗಾಡಿಗೆ ಹಳಿ ಬದಲಿಸುವಲ್ಲಿ ಅರ್ಧ ನಿಮಿಷ ತಡ ಮಾಡದ ಮನುಷ್ಯ ನೀವು. ಇದನ್ನೂ ಒಂದು ಗಾಡಿ ಎಂದುಕೊಳ್ಳಿ.

ನಿಮ್ಮ ಮಗಳು
ಮೈತ್ರಿ


ವಾಡಿ
21 ಮೇ 2024

ಮೈತ್ರಿಗೆ ಅಪ್ಪನ ಜೈಭೀಮ್.

ನಿನ್ನ ಕಾಗದ ಎಂಟನೆಯ ತಾರೀಖಿಗೇ ಬಂತು. ಅವತ್ತೇ ಬರೆಯಲು ಕೂತೆ, ಪೆನ್ನು ನಡೆಯಲಿಲ್ಲ. ಪೆನ್ನು ತಂದ ದಿನ ಡ್ಯೂಟಿ ಬದಲಾಯಿತು. ಹಾಗೇ ದಿನ ಹೋದವು.

ಇಲ್ಲಿ ಬಿಸಿಲು ನಲವತ್ಮೂರು ದಾಟಿದೆ. ಬೇವಿನ ಗಿಡದ ಎಲೆಯ ಮೇಲೆಲ್ಲ ಸಿಮೆಂಟಿನ ಧೂಳು, ಮಳೆ ಬಿದ್ದರೇ ಅದಕ್ಕೆ ಸ್ನಾನ. ಕೂಲರಿನ ಪಂಪು ಕೆಟ್ಟಿದೆ. ಬಿಚ್ಚಿ ಇಟ್ಟಿದ್ದೇನೆ, ಪೇಟೆಗೆ ಒಯ್ಯಬೇಕು. ಬೀರಲಿಂಗ ತಮಾಷೆ ಮಾಡುತ್ತಾನೆ: ‘ಸುರೇಶಣ್ಣ, ನೀ ಪಂಪ್ ಒಯ್ಯೋದ್ರಾಗ ಥಂಡಿಗಾಲ ಬರ್ತದ ಬಿಡು.’

ಅರ್ಜಿಗೆ ಸಹಿ ಹಾಕಿ ಡ್ಯೂಟಿ ಚೀಲದಲ್ಲಿ ಇಟ್ಟುಕೊಂಡಿದ್ದೇನೆ. ಶಹಾಬಾದಿನ ಶಾಲೆಯ ಕಾಗದ ಒಂದು ಬಾಕಿ. ಸೋಮವಾರ ರಜೆ ಇದೆ, ಅವತ್ತೇ ಹೋಗಿ ತಂದು ಮಂಗಳವಾರ ಕೊಟ್ಟುಬಿಡುತ್ತೇನೆ. ನೀನು ಚಿಂತೆ ಮಾಡಬೇಡ. ಅತ್ತೆಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಅಪ್ಪ
ಸುರೇಶಕುಮಾರ


ಚಿಮ್ಮನಚೋಡ
29 ಮೇ 2024

ಅಪ್ಪಾ,

ಸೋಮವಾರ, ಮಂಗಳವಾರ ಎರಡೂ ಹೋದವು. ಕೊಟ್ಟಿರಾ? ಒಂದು ಸಾಲು ಬರೆಯಿರಿ ಸಾಕು.

ಇಲ್ಲಿಯ ಆಸ್ಪತ್ರೆಯ ಸಿಸ್ಟರ್ ಭಾಗ್ಯಜ್ಯೋತಿ ಆಯಿಯನ್ನು ನೋಡಲು ಬರುತ್ತಾರೆ. ನನ್ನನ್ನೂ ಜೊತೆಗೆ ಕರೆದುಕೊಂಡು ಹೋಗುತ್ತಾರೆ. ನಿನ್ನೆ ಕುಡಗೋಲು ತಾಗಿ ಕಾಲು ಸೀಳಿಕೊಂಡ ಹೆಂಗಸಿಗೆ ಪಟ್ಟಿ ಕಟ್ಟುವಾಗ ತಟ್ಟೆ ಹಿಡಿದು ನಿಂತಿದ್ದೆ. ‘ಕೈ ನಡುಗಲಿಲ್ಲ ನೋಡು, ನೀ ಸಿಸ್ಟರ್ ಆಗ್ತಿ’ ಎಂದರು. ರಾತ್ರಿ ಊಟ ಸೇರಲಿಲ್ಲ, ಅಷ್ಟು ಖುಷಿ.

ಮೈತ್ರಿ


ವಾಡಿ
12 ಜೂನ್ 2024

ಮೈತ್ರಿಗೆ,

ಇವತ್ತು ಅರ್ಜಿ ಕೊಟ್ಟೆ. ಬೆಳಿಗ್ಗೆ ಹತ್ತಕ್ಕೇ ಹೋಗಿದ್ದೆ. ಕೌಂಟರಿನ ಮುಂದೆ ದೊಡ್ಡ ಸಾಲು, ಪಿಂಚಣಿಯ ಮುದುಕರು, ಜಗಳ. ನನ್ನ ಪಾಳಿ ಬರುವಾಗ ಹನ್ನೆರಡಾಗಿತ್ತು. ನಾಜಿಯಾ ಎಲ್ಲ ಹಾಳೆ ತಿರುವಿ ನೋಡಿ, ‘ಆಗ್ತದ ಕಾಕಾ, ಫಿಕರ್ ಮಾಡಬ್ಯಾಡ್ರಿ’ ಎಂದಳು. ಒಳ್ಳೆಯ ಹುಡುಗಿ. ಅವಳ ತಂದೆ ಅಬ್ದುಲ್ ಗನಿ ಶಹಾಬಾದಿನ ಕಲ್ಲಿನ ಗಣಿಯಲ್ಲಿದ್ದವನು, ನಾನು ಚಿಕ್ಕಂದಿನಿಂದ ಬಲ್ಲೆ.

ಇನ್ನು ಪತ್ರ ಬರುವುದೊಂದೇ ಬಾಕಿ. ನಿಶ್ಚಿಂತೆಯಿಂದಿರು.

ಅಪ್ಪ


ಚಿಮ್ಮನಚೋಡ
24 ಜೂನ್ 2024

ಅಪ್ಪನಿಗೆ ಜೈಭೀಮ್.

ನಿಮ್ಮ ಕಾಗದವನ್ನು ಆಯಿಗೆ ಎರಡು ಸಲ ಓದಿ ಹೇಳಿದೆ. ಅರ್ಜಿ ಕೊಟ್ಟಾಗ ಒಂದು ಚೀಟಿ ಕೊಡುತ್ತಾರಂತೆ, ಅದರಲ್ಲಿ ನಂಬರು ಇರುತ್ತದಂತೆ. ಅದನ್ನು ಕಳಿಸಿ. ಭಾಗ್ಯಜ್ಯೋತಿ ಸಿಸ್ಟರ್ ತಮ್ಮ ಮೊಬೈಲಿನಲ್ಲಿ ಎಲ್ಲಿಗೆ ಬಂದಿದೆ ಎಂದು ನೋಡುತ್ತಾರಂತೆ. ಜುಲೈ ಹತ್ತರೊಳಗೆ ಪತ್ರ ನನ್ನ ಕೈಯಲ್ಲಿರಬೇಕು.

ಆಯಿ ನಿನ್ನೆ ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಟ್ಟಳು.

ಮೈತ್ರಿ


ವಾಡಿ
6 ಜುಲೈ 2024

ಮೈತ್ರಿಗೆ,

ಚೀಟಿ ಅಂಗಿಯ ಕಿಸೆಯಲ್ಲಿ ಉಳಿದು ಒಗೆಯುವಾಗ ನೆಂದುಹೋಯಿತು. ಮತ್ತೆ ಮೂರು ಸಲ ಹೋಗಿ ಬಂದೆ. ಸರ್ವರ್ ಇಲ್ಲ ಎನ್ನುತ್ತಾರೆ, ಸಾಹೇಬರು ಇಲ್ಲ ಎನ್ನುತ್ತಾರೆ. ‘ನಾಳೆ ಬರ್ರಿ ಕಾಕಾ’ ಎನ್ನುವುದೊಂದು ಮಾತು ಕಲಿತಿದ್ದಾಳೆ ಆ ನಾಜಿಯಾ. ಫೈಲು ಎಲ್ಲಿಟ್ಟಿದ್ದಾಳೋ ಅವಳಿಗೇ ಗೊತ್ತಿಲ್ಲ. ನಾನೇನು ಮಾಡಲಿ ಹೇಳು. ನಮ್ಮ ಕೈಲಾದದ್ದು ನಾವು ಮಾಡಿದ್ದೇವೆ.

ಅಪ್ಪ


ಚಿಮ್ಮನಚೋಡ
19 ಜುಲೈ 2024

ಅಪ್ಪನಿಗೆ,

ದಾಖಲೆ ತೋರಿಸುವ ದಿನ ಮುಗಿಯಿತು. 371(ಜೆ) ಇಲ್ಲದ್ದರಿಂದ ನನ್ನನ್ನು ನಮ್ಮ ಭಾಗದ ಪಟ್ಟಿಯಿಂದ ತೆಗೆದರು. ಉಳಿದ ಸೀಟುಗಳಿಗೆ ನನ್ನ ರ‍್ಯಾಂಕ್ ಸಾಲದು. ನನಗಿಂತ ಒಂಬೈನೂರು ರ‍್ಯಾಂಕ್ ಹಿಂದಿದ್ದ ಸೇಡಂ ಹಾಸ್ಟೆಲಿನ ಗೆಳತಿ ಮಹೆವಿಶಳಿಗೆ ಕಲಬುರಗಿಯಲ್ಲೇ ಸೀಟು ಸಿಕ್ಕಿತು. ಅವಳು ಫೋನ್ ಮಾಡಿದಾಗ ನಗುತ್ತಲೇ ಮಾತಾಡಿದೆ. ಆಮೇಲೆ ದನದ ಕೊಟ್ಟಿಗೆಗೆ ಹೋಗಿ ಕೂತೆ. ಆಯಿ ಕೋಲೂರಿಕೊಂಡು ಅಲ್ಲಿಯವರೆಗೆ ನಡೆದು ಬಂದಳು. ಅಷ್ಟು ದೂರ ಅವಳು ನಡೆದದ್ದು ಅದೇ ಮೊದಲು.

ನೀವು ಬೇಜಾರು ಮಾಡಿಕೊಳ್ಳಬೇಡಿ. ಡ್ಯೂಟಿ ಮುಗಿಸಿ ಬಿಸಿಲಿನಲ್ಲಿ ಶಹಾಬಾದಿಗೆ ಓಡಿದಿರಿ, ಸಾಲಿನಲ್ಲಿ ಎರಡು ತಾಸು ನಿಂತಿರಿ, ಮತ್ತೆ ಮೂರು ಸಲ ಅಲೆದಿರಿ. ನಾನು ನಿಮ್ಮನ್ನು ಸುಮ್ಮನೆ ಆಡಿಕೊಳ್ಳುತ್ತಿದ್ದೆ. ಈ ಸಲ ನೀವು ಮಾಡಿದಿರಿ. ಮಾಡಿದ ಮೇಲೂ ಇನ್ನೊಬ್ಬರ ಅಸಡ್ಡೆಯಿಂದ ಹೋಯಿತು.

ನಾನು ಸುಮ್ಮನಿರಲಿಲ್ಲ. ಸಿಸ್ಟರನ್ನು ಕೇಳಿಕೊಂಡು ಮೇಲಿನ ಸಾಹೇಬರಿಗೆ ದೂರು ಬರೆದಿದ್ದೇನೆ. ನಾಜಿಯಾಳ ಹೆಸರು ಹಾಕಿದ್ದೇನೆ. ಆಧಾರ ಏನು ಎಂದು ಕೇಳುತ್ತಾರಲ್ಲ, ಅದಕ್ಕೆ ನಿಮ್ಮ ಜೂನ್ ಹನ್ನೆರಡರ ಕಾಗದ, ಜುಲೈ ಆರರ ಕಾಗದ, ಎರಡರದ್ದೂ ಝೆರಾಕ್ಸ್ ಮಾಡಿಸಿ ಲಗತ್ತಿಸಿದ್ದೇನೆ.

ಮೈತ್ರಿ


ವಾಡಿ
11 ಆಗಸ್ಟ್ 2024

ಮೈತ್ರಿಗೆ,

ನಿನ್ನ ಕಾಗದ ಬಂದಿತ್ತು. ಇಲ್ಲಿ ಮಳೆ ಚೆನ್ನಾಗಿ ಆಗಿದೆ. ನಿನ್ನ ಅವ್ವ ಹಚ್ಚಿದ ಮಲ್ಲಿಗೆ ಮತ್ತೆ ಚಿಗುರಿದೆ. ತೊಗರಿ ಬೆಳೆ ಈ ಸಲ ಚೆನ್ನಾಗಿ ಬರುತ್ತದೆ ಎಂದು ಗುಂಡಗುರ್ತಿಯಿಂದ ಬಂದವರು ಹೇಳುತ್ತಿದ್ದರು.

ದೂರು ಕೀರು ಯಾಕೆ ಬೇಕಿತ್ತು. ಬಿಟ್ಟುಬಿಡು. ಮುಂದಿನ ವರ್ಷ ನೋಡೋಣ.

ಅಪ್ಪ


ಚಿಮ್ಮನಚೋಡ
1 ಸೆಪ್ಟೆಂಬರ್ 2024

ಅಪ್ಪನಿಗೆ,

ದೂರಿಗೆ ಉತ್ತರ ಬಂತು. ಆ ಕೌಂಟರಿನ ಗುತ್ತಿಗೆ ನೌಕರಳನ್ನು ಆಗಸ್ಟ್ ಇಪ್ಪತ್ತೆರಡರಿಂದ ತೆಗೆದುಹಾಕಲಾಗಿದೆ ಎಂದು ಬರೆದಿದ್ದಾರೆ. ನ್ಯಾಯ ಸಿಕ್ಕಿತು ಎಂದು ಸಿಸ್ಟರ್ ಹೇಳಿದರು. ನನಗೆ ಯಾಕೋ ಸಂತೋಷವಾಗಲಿಲ್ಲ.

ಅದರಲ್ಲಿ ಇನ್ನೊಂದು ಮಾತಿದೆ. ‘ದೂರುದಾರಳ ತಂದೆಗೆ ಹದಿನೈದು ದಿನದೊಳಗೆ ಹೇಳಿಕೆ ಕೊಡಲು ತಿಳಿಸಲಾಗಿತ್ತು, ಅವರು ಹಾಜರಾಗದ ಕಾರಣ ಅವರ ಪತ್ರಗಳಲ್ಲಿರುವುದನ್ನೇ ನಿಜವೆಂದು ಭಾವಿಸಲಾಗಿದೆ.’ ನಿಮಗೆ ನೋಟಿಸು ಬಂದಿತ್ತೇ? ಬಂದಿದ್ದರೆ ನನಗೇಕೆ ಹೇಳಲಿಲ್ಲ? ಯಾಕೆ ಹೋಗಲಿಲ್ಲ?

ಮೈತ್ರಿ


ವಾಡಿ
6 ಸೆಪ್ಟೆಂಬರ್ 2024

ಮೈತ್ರಿ,

ನಾನು ಅರ್ಜಿ ಕೊಟ್ಟಿರಲಿಲ್ಲ.

ಈ ಒಂದು ಸಾಲು ಬರೆಯಲು ನನಗೆ ಮೂರು ತಿಂಗಳು ಹಿಡಿಯಿತು. ಸಹಿ ಹಾಕಿದ ಅರ್ಜಿ ಮೇ ತಿಂಗಳಿಂದ ನನ್ನ ಡ್ಯೂಟಿ ಚೀಲದಲ್ಲೇ ಇತ್ತು. ಊಟದ ಡಬ್ಬಿಯ ಎಣ್ಣೆ ಹತ್ತಿ ಒಂದು ಮೂಲೆ ಹಳದಿಯಾಗಿದೆ. ಶಹಾಬಾದಿಗೆ ನಾನು ಹೋಗಲೇ ಇಲ್ಲ. ಜೂನ್ ಹನ್ನೆರಡರಂದು ನಾನು ಎಂದಿನಂತೆ ಡ್ಯೂಟಿಯಲ್ಲಿದ್ದೆ. ನಾಳೆ ಹೇಗೂ ಕೊಡುತ್ತೇನಲ್ಲ, ಇವತ್ತೇ ಕೊಟ್ಟೆ ಎಂದು ಬರೆದರೆ ನಿನಗೆ ಸಮಾಧಾನ ಎಂದುಕೊಂಡು ಬರೆದೆ. ನಾಳೆ ಕೊಡಲಿಲ್ಲ. ಆಮೇಲೆ ಸುಳ್ಳನ್ನು ಉಳಿಸಲು ನಾಜಿಯಾಳ ಹೆಸರು ಹಿಡಿದೆ. ನಿಜ ಏನೆಂದರೆ, ಆ ಹುಡುಗಿ ಒಮ್ಮೆ ಪೇಟೆಯಲ್ಲಿ ಕಂಡಾಗ ತಾನಾಗಿ ಕೇಳಿದ್ದಳು: ‘ಕಾಕಾ, ಮೈತ್ರಿದು ಸರ್ಟಿಫಿಕೇಟ್ ಬೇಕಲ್ರಿ ಈ ವರ್ಷ? ಲಗೂನ ತಂದು ಕೊಡ್ರಿ, ನಾ ಮುಂದ ಕಳಸ್ತೀನಿ.’

ಆಗಸ್ಟ್ ಐದಕ್ಕೆ ನೋಟಿಸು ಬಂತು. ಒಂಬತ್ತನೆಯ ತಾರೀಖು ಮಧ್ಯಾಹ್ನ ನಾಜಿಯಾ ನಮ್ಮ ಕ್ವಾರ್ಟರ್ಸಿಗೆ ಬಂದಳು. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತಳು. ಕೈಯಲ್ಲಿ ನನ್ನ ಕಾಗದಗಳ ಝೆರಾಕ್ಸ್ ಇತ್ತು.

‘ಕಾಕಾ, ನೀವು ನನ್ನ ಕೈಯಾಗ ಅರ್ಜಿ ಕೊಟ್ಟೀರೇನ್ರಿ?’

‘ಒಳಗ ಬಾ ಅವ್ವಾ, ಕುಂದ್ರು. ಚಾ ಕುಡಿ.’

‘ಚಾ ಬ್ಯಾಡ್ರಿ. ಹೌದಂದ್ರ ಹೌದು ಅನ್ರಿ, ಇಲ್ಲಂದ್ರ ಇಲ್ಲ ಅನ್ರಿ. ಮನ್ಯಾಗ ಅಬ್ಬಾ ಉಸಿರು ತಗೊಳ್ಳಾಕ ಒದ್ದಾಡಲಿಕತ್ತಾರ. ಈ ನೌಕರಿ ಒಂದೇ ಅದ ನಮಗ.’

ನಾನು ಅವಳ ಮುಖ ನೋಡಲಿಲ್ಲ. ‘ಕೊಟ್ಟಿಲ್ಲವ್ವಾ’ ಎಂದೆ. ಅವಳು ಸಿಟ್ಟು ಮಾಡಲಿಲ್ಲ, ಮೈತ್ರಿ. ನಿಟ್ಟುಸಿರು ಬಿಟ್ಟು, ‘ಇಷ್ಟೇ ಮಾತು ಸಾಹೇಬರ ಮುಂದ ಬಂದು ಹೇಳ್ರಿ ಕಾಕಾ. ಇಪ್ಪತ್ತನೇ ತಾರೀಖಿನ ತನಕ ಟೈಮ್ ಅದ’ ಎಂದಳು.

‘ನಾಳೆ ಬರ್ತೀನಿ.’

‘ಖರೇನ?’

‘ಖರೇನ ಬರ್ತೀನಿ, ಹೋಗು.’

ಆಮೇಲೆ ಪ್ರತಿದಿನ ಹೊರಡುತ್ತಿದ್ದೆ. ಅಂಗಿ ಹಾಕಿಕೊಂಡು, ಚಪ್ಪಲಿ ಮೆಟ್ಟುವ ಮೊದಲು ಒಂದು ಗಳಿಗೆ ಮಂಚದ ಮೇಲೆ ಕೂರುತ್ತಿದ್ದೆ. ಕೂತರೆ ಆ ದಿನ ಅಲ್ಲಿಗೆ ಮುಗಿಯುತ್ತಿತ್ತು. ಸಾಹೇಬರ ಮುಂದೆ ಸುಳ್ಳ ಎನಿಸಿಕೊಳ್ಳಬೇಕು, ನಿನಗೆ ಗೊತ್ತಾಗುತ್ತದೆ, ಇಡೀ ವಾಡಿಗೆ ಗೊತ್ತಾಗುತ್ತದೆ. ಇವತ್ತೊಂದು ದಿನ ಬೇಡ, ನಾಳೆ ಹೋದರಾಯಿತು. ಇಪ್ಪತ್ತು ಹಾಗೇ ದಾಟಿತು. ಇಪ್ಪತ್ತೆಂಟಕ್ಕೆ ಹೋದೆ. ಡ್ಯೂಟಿಯಿಂದ ಇಳಿದವನು ಮನೆಗೆ ಹೋಗದೆ, ಯೂನಿಫಾರ್ಮಿನಲ್ಲೇ ಸೀದಾ ಕಚೇರಿಗೆ ಹೋದೆ. ಹೇಳಿಕೆ ಬರೆದು ಕೊಟ್ಟೆ. ಸಾಹೇಬರು ಓದಿ, ‘ಮೊದಲೇ ಬರೂದಲ್ಲೇನ್ರಿ? ಆ ಜಾಗಕ್ಕ ಬ್ಯಾರೆಯವರು ಬಂದು ಕುಂತಾರ’ ಎಂದರು.

ಹೊರಗೆ ನೋಡಿದರೆ ಕೌಂಟರಿನಲ್ಲಿ ಯಾರೋ ಹೊಸ ಹುಡುಗಿ ಇದ್ದಳು.

ಯಾಕೆ ಹೀಗೆ ಮಾಡಿದೆ ಎಂದು ಕೇಳುತ್ತೀ. ನಿನ್ನ ಅವ್ವ ಹೋದ ಮೇಲೆ ನನಗೆ ಯಾವುದಕ್ಕೂ ಕೈ ಏಳುವುದಿಲ್ಲ. ನೀನೂ ಓದಲು ದೂರ ಹೋದರೆ ಈ ಮನೆಯಲ್ಲಿ ಒಬ್ಬನೇ ಹೇಗಿರಲಿ ಎಂಬ ಭಯವೂ ಒಳಗೆಲ್ಲೋ ಇತ್ತೇನೋ.

ಅಪ್ಪ


ಚಿಮ್ಮನಚೋಡ
20 ಸೆಪ್ಟೆಂಬರ್ 2024

ಕಾಗದ ತಲುಪಿತು.

ಅವ್ವನ ಹೆಸರು ಇದರೊಳಗೆ ತರಬೇಡಿ. ಅವಳು ಅಂಗನವಾಡಿಯಲ್ಲಿ ಮೂವತ್ತು ಮಕ್ಕಳನ್ನು ನೋಡಿಕೊಂಡು, ಮನೆಗೆ ಬಂದು ನಿಮ್ಮ ಅರ್ಜಿಗಳನ್ನೂ ತುಂಬುತ್ತಿದ್ದಳು. ನಾನು ದೂರ ಹೋಗುತ್ತೇನೆಂಬ ಭಯವಿದ್ದರೆ ಬಾಯಿ ಬಿಟ್ಟು ಹೇಳಬಹುದಿತ್ತು.

ನಿಮ್ಮ ನಂಬರನ್ನು ಬ್ಲಾಕ್ ಮಾಡಿದ್ದೇನೆ. ಆಯಿಗೆ ಇನ್ನೂ ಹೇಳಿಲ್ಲ.

ಮೈತ್ರಿ


ವಾಡಿ
25 ಅಕ್ಟೋಬರ್ 2024

ಮೈತ್ರಿಗೆ,

ನೀನು ಹೇಳಿದ್ದು ಸರಿ. ಆ ಕಾರಣಗಳನ್ನು ನಾನು ಆಮೇಲೆ ಹುಡುಕಿದ್ದು. ಎಷ್ಟು ಯೋಚಿಸಿದರೂ ನಿಜವಾದ ಕಾರಣ ಒಂದೂ ಸಿಗುತ್ತಿಲ್ಲ. ಶಹಾಬಾದಿಗೆ ಗಾಡಿಯಲ್ಲಿ ಅರ್ಧ ತಾಸೂ ಇಲ್ಲ. ಹೋಗಲಿಲ್ಲ, ಅಷ್ಟೇ. ಇಷ್ಟು ಸಣ್ಣ ಸಂಗತಿಯಿಂದ ಇಷ್ಟೆಲ್ಲ ಆಯಿತು ಎಂದು ಒಪ್ಪಿಕೊಳ್ಳುವುದು ಕಷ್ಟವಾಗಿತ್ತು. ಅದಕ್ಕೆ ನಿನ್ನ ಅವ್ವನನ್ನು ಎಳೆದು ತಂದೆ.

ನಿನ್ನೆ ಶಹಾಬಾದಿಗೆ ಹೋಗಿ ಶಾಲೆಯ ಪತ್ರ ತಂದೆ. ಹೆಡ್‌ಮಾಸ್ತರರು ಹಳೆಯ ರಿಜಿಸ್ಟರು ತೆಗೆದು ಹತ್ತು ನಿಮಿಷದಲ್ಲಿ ಬರೆದು ಕೊಟ್ಟರು. ಹತ್ತು ನಿಮಿಷ.

ಉತ್ತರ ಬೇಡ.

ಅಪ್ಪ


ವಾಡಿ
27 ನವೆಂಬರ್ 2024

ಮೈತ್ರಿಗೆ,

ನಾಜಿಯಾಳ ಜೊತೆ ನಾಲ್ಕು ಸಲ ದೊಡ್ಡ ಕಚೇರಿಗೆ ಹೋಗಿ ಬಂದೆ. ಮೊದಲ ಸಲ ಅವಳು ನನ್ನ ಜೊತೆ ಬಸ್ಸಿನಲ್ಲಿ ಕೂರಲಿಲ್ಲ, ಹಿಂದಿನ ಸೀಟಿಗೆ ಹೋದಳು. ಅವಳದೇನೂ ತಪ್ಪಿಲ್ಲ ಎಂದು ಕೊನೆಗೆ ಬರೆದುಕೊಟ್ಟರು. ಕೆಲಸ ಮಾತ್ರ ವಾಪಸು ಬರಲಿಲ್ಲ. ಜಾಗ ಖಾಲಿಯಾದಾಗ ನೋಡುತ್ತಾರಂತೆ. ಈಗ ಶಹಾಬಾದಿನಲ್ಲಿ ಒಂದು ಝೆರಾಕ್ಸ್ ಅಂಗಡಿಯಲ್ಲಿ ನಿಂತಿದ್ದಾಳೆ.

ದುಡ್ಡು ಕೇಳಿರಬೇಕು, ಅದಕ್ಕೇ ತೆಗೆದಿದ್ದಾರೆ ಎಂದು ಅವಳ ಓಣಿಯವರು ಆಡಿಕೊಂಡರಂತೆ. ಆ ಓಣಿಗೆ ಹೋಗಿ, ಮಸೀದಿಯ ಮುಂದೆ ಕೂತಿದ್ದ ಹಿರಿಯರ ಎದುರು ನಿಂತು, ಸುಳ್ಳು ಬರೆದವನು ನಾನು ಎಂದು ಹೇಳಿ ಬಂದೆ. ಮಶಾಕ ಎಂಬ ಮುದುಕರು, ‘ಇದನ್ನ ಹೇಳಾಕ ಬಂದೀಯಲ್ಲ, ಛಲೋ ಮಾಡಿದಿ. ಆದ್ರ ಮೂರು ತಿಂಗಳು ಮಂದಿ ಆಡ್ಯಾರ, ಅದು ಹ್ಯಾಂಗ ಹಿಂದ ಬರ್ತದ?’ ಎಂದರು.

ಈಗ ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಡ್ಯೂಟಿಯಿಂದ ಬಂದರೆ ಕೂರುವುದಿಲ್ಲ. ಅವತ್ತಿನ ಕೆಲಸ ಯಾವುದಿದೆಯೋ ಅದನ್ನು ನಿಂತ ಕಾಲಲ್ಲೇ ಮುಗಿಸುತ್ತೇನೆ. ಮಂಚವನ್ನು ಒಳಕೋಣೆಗೆ ಸರಿಸಿದ್ದೇನೆ. ಕೆಲವು ದಿನ ಒಳಗಿನಿಂದ ಅದೇ ಹಳೆಯ ದನಿ ಏಳುತ್ತದೆ, ಇವತ್ತು ಬಿಡು ಎನ್ನುತ್ತದೆ. ಮೊನ್ನೆ ಅದರ ಮಾತು ಕೇಳಿಬಿಟ್ಟೆ, ಮರುದಿನ ಮಾಡಿದೆ. ಪೂರ್ತಿ ಗೆದ್ದೆ ಎಂದು ನಿನಗೆ ಬರೆಯಲಾರೆ.

ಅಪ್ಪ


ವಾಡಿ
17 ಜನವರಿ 2025

ಮೈತ್ರಿಗೆ,

ಇದರ ಜೊತೆ ನಿನ್ನ 371(ಜೆ) ಪ್ರಮಾಣಪತ್ರ ಇದೆ. ನಿನ್ನೆ ಸಂಜೆ ಕೈಗೆ ಬಂತು, ಇವತ್ತು ರಿಜಿಸ್ಟರ್ ಮಾಡಿದ್ದೇನೆ. ಹೆಸರು, ಹುಟ್ಟಿದ ತಾರೀಖು ಎಲ್ಲ ಸರಿಯಿದೆಯೇ ನೋಡಿಕೋ. ನಿನ್ನ ಕಳೆದ ವರ್ಷವನ್ನು ಇದು ಕೊಡುವುದಿಲ್ಲ, ಬಲ್ಲೆ.

ಅಪ್ಪ


ಚಿಂಚೋಳಿ
2 ಮಾರ್ಚ್ 2025

ಅಪ್ಪನಿಗೆ,

ಪ್ರಮಾಣಪತ್ರ ತಲುಪಿದೆ. ತಪ್ಪಿಲ್ಲ. ಈ ವರ್ಷ ಮತ್ತೆ ಪರೀಕ್ಷೆಗೆ ಕಟ್ಟಿದ್ದೇನೆ. ಹಗಲು ಇಲ್ಲಿ ಒಂದು ದವಾಖಾನೆಯಲ್ಲಿ ಚೀಟಿ ಬರೆಯುವ ಕೆಲಸ, ಸಂಜೆ ಓದು. ಊರಲ್ಲಿ ಆಯಿ ಈಗ ಅಂಗಳದಲ್ಲಿ ತಾನೇ ಓಡಾಡುತ್ತಾಳೆ. ಎಲ್ಲವನ್ನೂ ಅವಳಿಗೆ ಹೇಳಿದೆ. ‘ಅಳಿಯ ಕೆಟ್ಟವನಲ್ಲ ಅಂತ ನಾ ಅಂತಿದ್ದೆ. ಒಳ್ಳೇವನಾದ್ರೂ ಏನು ಬಂತು’ ಎಂದಳು.

ಈ ಕಾಗದ ಬರೆಯುತ್ತಿರುವುದು ಬೇರೆ ವಿಷಯಕ್ಕೆ. ನಿನ್ನೆ ಶಹಾಬಾದಿಗೆ ಹೋಗಿದ್ದೆ.

ನಾನೂ ಒಂದು ಮಾತನ್ನು ಮುಚ್ಚಿಟ್ಟಿದ್ದೇನೆ. ಜೂನ್ ಹನ್ನೆರಡರ ಬೆಳಿಗ್ಗೆ ಹನ್ನೊಂದಕ್ಕೆ ನಾನು ನಿಮಗೆ ಫೋನ್ ಮಾಡಿದ್ದೆ. ನೀವು ‘ಡ್ಯೂಟಿ ಮ್ಯಾಲ ಇದ್ದೀನಿ, ಆಮ್ಯಾಲ ಮಾತಾಡ್ತೀನಿ’ ಎಂದಿರಿ, ಹಿಂದೆ ಗಾಡಿಯ ಸದ್ದೂ ಕೇಳಿತು. ವಾರದ ಮೇಲೆ ಕಾಗದ ಬಂದಾಗ ಅದೇ ತಾರೀಖು, ಅದೇ ಹೊತ್ತು, ಸಾಲಿನಲ್ಲಿ ನಿಂತಿದ್ದೆ ಎಂದು ಬರೆದಿದ್ದಿರಿ. ಓದಿದ ಕೂಡಲೇ ತಾರೀಖನ್ನು ಮತ್ತೊಮ್ಮೆ ನೋಡಿದೆ. ಮರುದಿನ ಬಸ್ಸು ಹತ್ತಿ ವಾಡಿಗೆ ಬಂದು ನಿಮ್ಮ ಚೀಲ ನೋಡಬಹುದಿತ್ತು. ಒಂದು ದಿನ ಆಯಿಯನ್ನು ಸಿಸ್ಟರ್ ನೋಡಿಕೊಳ್ಳುತ್ತಿದ್ದರು. ಹೋಗಲಿಲ್ಲ. ಚೀಲದಲ್ಲಿ ಅರ್ಜಿ ಸಿಕ್ಕಿದ್ದರೆ ನನಗೆ ಅಪ್ಪ ಇರುತ್ತಿರಲಿಲ್ಲ. ಅವ್ವ ಮೊದಲೇ ಇಲ್ಲ. ಅದಕ್ಕೆ ನಂಬಿದೆ. ದೂರಿಗೆ ಆ ಕಾಗದ ಲಗತ್ತಿಸುವಾಗಲೂ ನನಗೆ ಸಂಶಯವಿತ್ತು. ತಪ್ಪು ಇನ್ನೊಬ್ಬರದಾಗಿರಲಿ ಎಂದು ಬಯಸಿದೆ, ನಾಜಿಯಾ ಸಿಕ್ಕಳು.

ದೂರು ಬರೆಯಲು ನನಗೆ ಒಂದು ಮಧ್ಯಾಹ್ನ ಸಾಕಾಯಿತು. ಅವಳ ಮುಂದೆ ಹೋಗಿ ನಿಲ್ಲಲು ಆರು ತಿಂಗಳು. ಪರೀಕ್ಷೆಯ ಅರ್ಜಿ ತುಂಬಿ ಬರುತ್ತೇನೆ, ಹಬ್ಬ ಮುಗಿಸಿ ಬರುತ್ತೇನೆ ಎಂದು ನಾನೂ ಮುಂದೆ ಹಾಕುತ್ತಲೇ ಬಂದೆ.

ಅಂಗಡಿಯಲ್ಲಿ ಜನ ಇದ್ದರು. ಅವಳು ನನ್ನನ್ನು ನೋಡಿ, ಕೈಯಲ್ಲಿದ್ದ ಕಾಗದಗಳನ್ನು ಮುಗಿಸಿದಳು. ಆಮೇಲೆ ಸ್ಟೂಲು ಸರಿಸಿ, ‘ಕುಂದ್ರು’ ಎಂದಳು. ನಾನು ಸಂಶಯದ ಮಾತನ್ನೂ ಬಿಡದೆ ಎಲ್ಲವನ್ನೂ ಹೇಳಿದೆ.

‘ನೀ ಸಣ್ಣಾಕಿ. ನಿನ್ನ ಸೀಟ್ ಹೋಗಿತ್ತು, ಸಿಟ್ಟು ಬಂದಿತ್ತು. ನಿಂದು ನಾ ತಿಳ್ಕೋತೀನಿ’ ಎಂದಳು. ‘ನಿಮ್ಮಪ್ಪಂದು ತಿಳಿಯೂದಿಲ್ಲ. ನಾ ಅವರ ಬಾಗಿಲಿಗಿ ಹೋಗಿದ್ದೆ ಮೈತ್ರಿ. ಹತ್ತು ದಿನ ಮೊದಲ ಹೋಗಿದ್ದೆ. ನಾಳೆ ಬರ್ತೀನಿ ಅಂದ್ರು. ನಾ ದಿನಾ ಕಚೇರಿ ಬಾಗಿಲ ಕಡೆ ನೋಡ್ತಿದ್ದೆ. ಎಂಟು ದಿನ ತಡ ಮಾಡಿ ಬಂದ್ರು. ಎಂಟು ದಿನ.’

ಅವಳ ತಂದೆ ಅಬ್ದುಲ್ ಗನಿ ಜನವರಿಯಲ್ಲಿ ತೀರಿಕೊಂಡರಂತೆ. ಹೇಗಿದ್ದರೂ ಹೋಗುವವರೇ ಇದ್ದರು, ಅದನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ ಎಂದಳು. ನಿಮಗೆ ಹೇಳುವುದು ಬೇಡ ಎಂದೂ ಅಂದಳು. ಆದರೆ ಹೇಳದೆ ಇಡುವ ಕೆಲಸ ನನ್ನಿಂದ ಇನ್ನಾಗದು.

ಏಪ್ರಿಲಿನಲ್ಲಿ ನನ್ನ ಶಾಲೆಯ ಮೂಲ ಅಂಕಪಟ್ಟಿಗಳು ಬೇಕು. ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ. ಯಾವ ದಿನ ಎಂದು ಈಗ ಹೇಳಲಾರೆ.

ಮೈತ್ರಿ


ವಾಡಿ
13 ಏಪ್ರಿಲ್ 2025

ಮೈತ್ರಿಗೆ,

ಇವತ್ತು ಬೆಳಿಗ್ಗೆ ನೀನು ಬಂದು ಹೋದೆ. ಸಂಜೆಯಾಗುವ ಮೊದಲೇ ಬರೆಯುತ್ತಿದ್ದೇನೆ.

ನಿನ್ನ ಕಾಗದ ಬಂದ ದಿನವೇ ಅಬ್ದುಲ್ ಗನಿಯ ಮನೆಗೆ ಹೋಗಿ ಬಂದೆ. ನಾಜಿಯಾ ಒಳಗಿನಿಂದ ನೀರು ತಂದು ಕೊಟ್ಟು ಮತ್ತೆ ಒಳಗೆ ಹೋದಳು. ಅದನ್ನು ನಿನಗೆ ಹೇಳಬೇಕೆಂದಿದ್ದೆ. ನೀನು ಬಂದಾಗ ಹೇಳಲು ಆಗಲಿಲ್ಲ.

ನೀನು ಅಂಕಪಟ್ಟಿಗಳನ್ನು ಎಣಿಸಿ ಚೀಲದಲ್ಲಿ ಇಟ್ಟುಕೊಂಡೆ. ನಾನು ರೊಟ್ಟಿ, ಪುಂಡಿಪಲ್ಯ ಮಾಡಿದ್ದೆ. ನೀನು ಉಂಡೆ. ಅವ್ವನ ಮಲ್ಲಿಗೆಗೆ ನೀರು ಹಾಕಿದೆ. ನಾನು ‘ತಪ್ಪಾತವ್ವಾ’ ಎಂದೆ. ಏಳು ತಿಂಗಳಲ್ಲಿ ಎಷ್ಟೋ ಬರೆದಿದ್ದೆ, ಆ ಒಂದು ಮಾತನ್ನು ಬಾಯಿಂದ ಹೇಳಿರಲಿಲ್ಲ. ನೀನು ‘ಗೊತ್ತದ ಅಪ್ಪಾ’ ಎಂದೆ. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿದ್ದರೆ ನನಗೆ ಧೈರ್ಯ ಬರುತ್ತಿತ್ತು. ಸ್ಟೇಷನ್ನಿನವರೆಗೆ ಬರುತ್ತೇನೆ ಎಂದಾಗ, ‘ಬ್ಯಾಡ್ರಿ, ನಾ ಹೋಗ್ತೀನಿ, ದಾರಿ ಗೊತ್ತದ’ ಎಂದು ಹೊರಟೆ.

ಈ ವರ್ಷ ನಿನಗೆ ಸೀಟು ಸಿಗುತ್ತದೆ. ಎಲ್ಲಿ ಸಿಕ್ಕರೂ ಹೋಗು. ನನ್ನ ಸಹಿ ಇನ್ನು ನಿನಗೆ ಬೇಕಾಗುವುದಿಲ್ಲ, ಹದಿನೆಂಟು ತುಂಬಿತು. ಅದನ್ನು ನೆನೆದಾಗ ಮೊದಲು ಸಮಾಧಾನವಾಯಿತು. ಆಮೇಲೆ ಆಗಲಿಲ್ಲ.

ನೀನು ಬಂದಾಗ ನಾನು ಅಡುಗೆಮನೆಯಲ್ಲಿದ್ದೆ. ಮುಂಬಾಗಿಲು ಪೂರ್ತಿ ತೆರೆದಿತ್ತು. ಆದರೂ ನೀನು ಹೊಸ್ತಿಲ ಹೊರಗೆ ನಿಂತು ಬಾಗಿಲು ತಟ್ಟಿದೆ. ಈ ಮನೆಯಲ್ಲಿ ಹುಟ್ಟಿ ಬೆಳೆದವಳು, ಒಳಗೆ ಬರಲೇ ಎಂದು ಕೇಳಿದೆ. ಯಾರೋ ಬಂದಿದ್ದಾರೆ ಎಂದುಕೊಂಡು ನಾನು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದೆ.

ಅಪ್ಪ